ಭಾಷೆ ಕಲಿಸುವ ಆ್ಯಪ್‌ಗೆ ದುಡ್ಡು ಕಟ್ಟುವ ಮುಂಚೆ

ಕಳೆದ ವರ್ಷ ಯುಗಾದಿಗೆ ಹಾಸನದ ಮನೆಗೆ ಹೋಗಿದ್ದೆ. ಒಬ್ಬಟ್ಟಿನ ಊಟ ಮುಗಿಸಿ ಕೂತಿದ್ದಾಗ ತಂಗಿ ಮೊಬೈಲ್ ತಂದು ಮುಖದ ಮುಂದೆ ಹಿಡಿದಳು. ಜರ್ಮನ್ ಕಲಿಸುವ ಆ್ಯಪ್. ಪರದೆಯ ಮೇಲೆ ದೊಡ್ಡದಾಗಿ 312 ಅಂತ ಇತ್ತು.

"ನೋಡಣ್ಣ, 312 ದಿನ. ಒಂದು ದಿನಾನೂ ತಪ್ಪಿಸಿಲ್ಲ. ನೈಟ್ ಡ್ಯೂಟಿ ಇದ್ದಾಗಲೂ ಮಾಡಿದೀನಿ" ಅಂದಳು.

ಅವಳು ಬಿಎಸ್ಸಿ ನರ್ಸಿಂಗ್ ಓದಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದಾಳೆ. ಜರ್ಮನಿಗೆ ಹೋಗಬೇಕು ಅನ್ನೋದು ಅವಳ ಎರಡು ವರ್ಷದ ಆಸೆ. ಅದಕ್ಕೇ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದಳು. ನಮಗೆಲ್ಲ ಹೆಮ್ಮೆಯೋ ಹೆಮ್ಮೆ. ಅಮ್ಮ ಅಂತೂ ಪಕ್ಕದ ಮನೆಯವರಿಗೆ "ನಮ್ಮ ಹುಡುಗಿಗೆ ಜರ್ಮನ್ ಬರುತ್ತೆ" ಅಂತ ಹೇಳಿಯೂ ಆಗಿತ್ತು.

ಮೂರು ವಾರ ಆದ ಮೇಲೆ ಅವಳಿಗೆ ಒಂದು ವಿಡಿಯೊ ಸಂದರ್ಶನ ಇತ್ತು. ಆ ಕಡೆಯವರು ಕೇಳಿದ್ದು ಸುಲಭದ ಪ್ರಶ್ನೆ: ಈಗ ಮಾಡುತ್ತಿರುವ ಕೆಲಸದ ಬಗ್ಗೆ ಸ್ವಲ್ಪ ಹೇಳಿ. ಅವತ್ತು ರಾತ್ರಿ ಫೋನ್ ಮಾಡಿದಾಗ ಅವಳ ದನಿಯೇ ಬೇರೆ ಇತ್ತು.

"ಪ್ರಶ್ನೆ ಅರ್ಥ ಆಯ್ತಣ್ಣ. ಬಾಯಿಂದ ಮಾತೇ ಬರಲಿಲ್ಲ. ಆ್ಯಪ್‌ನಲ್ಲಾದ್ರೆ ಕೆಳಗೆ ಪದಗಳು ಇರ್ತಾವೆ, ಜೋಡಿಸಿದ್ರೆ ಆಯ್ತು. ಇಲ್ಲಿ ಯಾವ ಪದಾನೂ ಇರಲಿಲ್ಲ."

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹಗಲೆಲ್ಲ ಆ್ಯಪ್‌ಗಳ ಜತೆಗೇ ಕೆಲಸ. ಆದರೂ 312 ದಿನದಲ್ಲಿ ನಾನು ಅವಳಿಗೆ ಒಂದೇ ಒಂದು ಸಲವೂ "ಈ ಆ್ಯಪ್ ನಿನಗೆ ಏನು ಕಲಿಸುತ್ತಿದೆ?" ಅಂತ ಕೇಳಿರಲಿಲ್ಲ. ಆ ಅಪರಾಧಿ ಭಾವದಿಂದಲೇ ಅಣ್ಣ-ತಂಗಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಆ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ನೀವು ಕಲಿಯಬೇಕಾದದ್ದು ಜರ್ಮನ್ ಆಗಿರಲಿ, ಫ್ರೆಂಚ್ ಆಗಿರಲಿ, ಹಿಂದಿಯೇ ಆಗಿರಲಿ, ದಾರಿ ಒಂದೇ.

ಮೊದಲು ಒಂದು ಚೀಟಿ

ಆ್ಯಪ್ ಸ್ಟೋರ್ ತೆರೆಯುವ ಮುಂಚೆ ಒಂದು ಚೀಟಿ ತಗೊಂಡು ಒಂದೇ ಸಾಲು ಬರೆಯಿರಿ: ಯಾರ ಹತ್ತಿರ, ಯಾವ ಕೆಲಸಕ್ಕೆ, ಯಾವಾಗಿನೊಳಗೆ? "ಜರ್ಮನ್ ಕಲೀಬೇಕು" ಅನ್ನೋದು ಗುರಿಯಲ್ಲ, ಆಸೆ.

ನಮ್ಮ ಮನೆಯಲ್ಲೇ ಮೂರು ಚೀಟಿಗಳಿದ್ದವು.

ತಂಗಿಯ ಚೀಟಿ: ಮುಂದಿನ ವರ್ಷದ ಆರಂಭದೊಳಗೆ ಬಿ1 ಪರೀಕ್ಷೆ ಪಾಸಾಗಬೇಕು, ಆಮೇಲೆ ಬಿ2.

ಅಮ್ಮನ ಚೀಟಿ: ಚಿಕ್ಕಪ್ಪನ ಮಗನ ಹೆಂಡತಿ ಕಡೆಯವರು ಇಂದೋರ್‌ನವರು. ಆ ಬೀಗಿತ್ತಿ ಬಂದಾಗ ಹಿಂದಿಯಲ್ಲಿ ನಾಲ್ಕು ಮಾತಾಡಬೇಕು.

ನನ್ನ ಚೀಟಿ: ನಿಜ ಹೇಳಬೇಕಂದ್ರೆ ಖಾಲಿ. ಮೂರು ವರ್ಷದ ಹಿಂದೆ ಆಫೀಸಿನಲ್ಲಿ ಯಾರೋ "ಜಪಾನ್ ಪ್ರಾಜೆಕ್ಟ್ ಬರಬಹುದು" ಅಂದರು. ಅವತ್ತೇ ಹೊಸ ವರ್ಷದ ರಿಯಾಯಿತಿ ಅಂತ 2,999 ರೂಪಾಯಿ ಕಟ್ಟಿ ಜಪಾನಿ ಕಲಿಸುವ ಆ್ಯಪ್ ತಗೊಂಡೆ. ತೆರೆದದ್ದು 19 ದಿನ. ಪ್ರಾಜೆಕ್ಟೂ ಬರಲಿಲ್ಲ, ಜಪಾನಿಯೂ ಬರಲಿಲ್ಲ.

ಮೂರು ಚೀಟಿಗೂ ಒಂದೇ ಆ್ಯಪ್ ಸರಿಹೋಗುವುದು ಸಾಧ್ಯವೇ? ಅಮ್ಮನಿಗೆ ಪರೀಕ್ಷೆ ಇಲ್ಲ, ಬರೆಯುವ ಹಾಗಿಲ್ಲ, ಆತುರವೂ ಇಲ್ಲ. ಅವರಿಗೆ ಕೇಂದ್ರ ಶಿಕ್ಷಣ ಸಚಿವಾಲಯದ 'ಭಾಷಾ ಸಂಗಮ' ಆ್ಯಪ್ ಹಾಕಿಕೊಟ್ಟೆ. 22 ಭಾರತೀಯ ಭಾಷೆಗಳ ದಿನಬಳಕೆಯ ವಾಕ್ಯಗಳು ಅದರಲ್ಲಿ ಉಚಿತವಾಗಿ ಸಿಗುತ್ತವೆ. ಅಮ್ಮ ಹತ್ತು ದಿನ ನೋಡಿದರು. ಆಮೇಲೆ ನೇರವಾಗಿ ಬೀಗಿತ್ತಿಗೇ ಫೋನ್ ಹಚ್ಚಿದರು. ಈಗ ವಾರಕ್ಕೆ ಎರಡು ಸಲ ಅಡುಗೆ ಮಾತು. ವ್ಯಾಕರಣ ಕೇಳಬೇಡಿ, ಆದರೆ ಮಾತು ನಿಲ್ಲೋದಿಲ್ಲ. ಖರ್ಚು ಸೊನ್ನೆ.

ತಂಗಿಯ ಚೀಟಿ ಹಾಗಲ್ಲ. ಅಲ್ಲಿ ಭವಿಷ್ಯ ಇದೆ, ಗಡುವು ಇದೆ, ಪರೀಕ್ಷಕರು ಇದ್ದಾರೆ.

ಎ1, ಬಿ1, ಬಿ2 ಅಂದರೇನು?

ವಿದೇಶಿ ಭಾಷೆ ಕಲಿಯುವವರು ಮೊದಲು ತಿಳಿದುಕೊಳ್ಳಬೇಕಾದ್ದು ಇದು. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಅಳತೆಗೋಲಿನಲ್ಲಿ ಆರು ಮಟ್ಟಗಳಿವೆ: ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಅಂದರೆ ಹೆಸರು, ಊರು, ಬೆಲೆ ಕೇಳುವಷ್ಟು. ಬಿ1 ಅಂದರೆ ದಿನದ ಜೀವನ ನಡೆಸುವಷ್ಟು. ಬಿ2 ಅಂದರೆ ಕೆಲಸದ ಜಾಗದಲ್ಲಿ ವಿಷಯ ಚರ್ಚೆ ಮಾಡುವಷ್ಟು. ನರ್ಸ್ ಆಗಿ ಪೂರ್ಣ ಮಾನ್ಯತೆ ಸಿಗಬೇಕಾದರೆ ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ಬಿ2 ಕೇಳುತ್ತಾರೆ. ರೋಗಿಗೆ ಎಲ್ಲಿ ನೋವು, ಯಾವ ಔಷಧ ಎಷ್ಟು ಹೊತ್ತಿಗೆ ಅನ್ನೋದರಲ್ಲಿ ತಪ್ಪಾದರೆ ಪ್ರಾಣದ ವಿಷಯ. ಆದ್ದರಿಂದ ಅದು ನ್ಯಾಯವೇ.

ಗೊಯೆಥೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ನಾಲ್ಕು ಭಾಗಗಳು: ಓದುವುದು, ಕೇಳಿಸಿಕೊಳ್ಳುವುದು, ಬರೆಯುವುದು, ಮಾತಾಡುವುದು. ಪ್ರತಿಯೊಂದಕ್ಕೂ 100 ಅಂಕ, ಪ್ರತಿಯೊಂದರಲ್ಲೂ 60 ಬರಬೇಕು. ಒಂದು ಭಾಗ ಹೋದರೆ ಅದನ್ನು ಮಾತ್ರ ಮತ್ತೆ ಬರೆಯಬಹುದು. ಬೆಂಗಳೂರಿನಲ್ಲಿ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಈ ಪರೀಕ್ಷೆ ನಡೆಯುತ್ತದೆ. ಇನ್ನೊಂದು ಮಾತು: ಆ್ಯಪ್ ಕೊಡುವ "ಕೋರ್ಸ್ ಮುಗಿಸಿದ ಪ್ರಮಾಣಪತ್ರ" ಈ ಪರೀಕ್ಷೆಯ ಪ್ರಮಾಣಪತ್ರಕ್ಕೆ ಸಮವಲ್ಲ. ಗೋಡೆಗೆ ಹಾಕಿಕೊಳ್ಳಬಹುದು ಅಷ್ಟೆ.

ಈಗ ತಂಗಿಯ 312 ದಿನವನ್ನು ಈ ನಾಲ್ಕು ಭಾಗದ ಎದುರು ಇಟ್ಟು ನೋಡಿದೆವು. ಓದುವುದು ಚೆನ್ನಾಗಿತ್ತು. ಕೇಳಿಸಿಕೊಳ್ಳುವುದು ಪರವಾಗಿಲ್ಲ. ಸ್ವಂತವಾಗಿ ಬರೆದದ್ದು ಒಂದು ಪುಟವೂ ಇಲ್ಲ. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಮಾತಾಡಿದ್ದು ಒಂದು ನಿಮಿಷವೂ ಇಲ್ಲ. ಆ್ಯಪ್ ತನ್ನ ಕೆಲಸ ಮಾಡಿತ್ತು. ಅದು ಮಾಡದ ಕೆಲಸವನ್ನೂ ಮಾಡುತ್ತಿದೆ ಅಂತ ನಾವು ಅಂದುಕೊಂಡಿದ್ದೆವು.

ದಿನಕ್ಕೆ 15 ನಿಮಿಷದ ಲೆಕ್ಕ

"ದಿನಕ್ಕೆ 15 ನಿಮಿಷ ಸಾಕು" ಅನ್ನುವ ಜಾಹೀರಾತು ನೀವೂ ನೋಡಿರುತ್ತೀರಿ. ಯಾವುದಕ್ಕೆ ಸಾಕು ಅಂತ ಮಾತ್ರ ಹೇಳೋದಿಲ್ಲ.

ಗೊಯೆಥೆ ಸಂಸ್ಥೆಯ ಅಂದಾಜಿನ ಪ್ರಕಾರ ಶುರುವಿನಿಂದ ಎ1 ಮುಟ್ಟಲು 80ರಿಂದ 200 ಪಾಠದ ಅವಧಿ ಬೇಕು. ಬಿ1 ಮುಟ್ಟಲು 350ರಿಂದ 650. ಒಂದು ಅವಧಿ ಅಂದರೆ 45 ನಿಮಿಷ. ಅಂದರೆ ಬಿ1ಗೆ ಕಡಿಮೆ ಅಂದರೂ 262 ಗಂಟೆ, ಹೆಚ್ಚು ಅಂದರೆ 487 ಗಂಟೆ.

ದಿನಕ್ಕೆ 15 ನಿಮಿಷ ಅಂದರೆ ವರ್ಷಕ್ಕೆ 91 ಗಂಟೆ. ಆ ವೇಗದಲ್ಲಿ ಬಿ1ಗೆ ಹೆಚ್ಚುಕಮ್ಮಿ ಮೂರರಿಂದ ಐದು ವರ್ಷ! ತಂಗಿ 312 ದಿನದಲ್ಲಿ ಮಾಡಿದ್ದು 78 ಗಂಟೆ. ಅಂದರೆ ಅವಳು ಎ1ರ ಹೊಸ್ತಿಲಲ್ಲಿದ್ದಳು. ಬಿ1 ಮಟ್ಟದ ಸಂದರ್ಶನದಲ್ಲಿ ಮಾತು ಬರಲಿಲ್ಲ ಅಂದರೆ ಆಶ್ಚರ್ಯವೇನು? ಇದನ್ನು ಹೇಳಿದಾಗ ಅವಳು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು, "ಹಾಗಾದ್ರೆ ನಾನು ದಡ್ಡಿ ಅಲ್ಲ, ಗಂಟೆ ಸಾಲದು, ಅಷ್ಟೆ ತಾನೆ?" ಅಂದಳು. ಅಷ್ಟೆ.

ಇದೇ ಲೆಕ್ಕ ದುಡ್ಡಿಗೂ ಬರುತ್ತದೆ. ಆ್ಯಪ್‌ನ ಬೆಲೆಯನ್ನು ತಿಂಗಳಿನಿಂದ ಭಾಗಿಸಬೇಡಿ, ನೀವು ನಿಜವಾಗಿ ಕೂತ ಗಂಟೆಯಿಂದ ಭಾಗಿಸಿ. ನನ್ನ ಜಪಾನಿ ಆ್ಯಪ್ 2,999 ರೂಪಾಯಿ, 19 ದಿನ, ದಿನಕ್ಕೆ ಕಾಲು ಗಂಟೆ. ಗಂಟೆಗೆ ಸುಮಾರು 630 ರೂಪಾಯಿ ಬಿತ್ತು. ಆ ದುಡ್ಡಿಗೆ ಮನೆಗೇ ಮೇಷ್ಟ್ರನ್ನು ಕರೆಸಬಹುದಿತ್ತು. ಅದೇ ಆ್ಯಪನ್ನು 300 ದಿನ ಬಳಸಿದ್ದರೆ ಗಂಟೆಗೆ 40 ರೂಪಾಯಿ. ಆ್ಯಪ್ ಅಗ್ಗವೋ ದುಬಾರಿಯೋ ಅನ್ನೋದನ್ನ ಕಂಪನಿ ತೀರ್ಮಾನಿಸೋದಿಲ್ಲ, ನಾವೇ ತೀರ್ಮಾನಿಸ್ತೀವಿ.

ಯಾವ ಕೆಲಸಕ್ಕೆ ಯಾವ ಆ್ಯಪ್?

ಅಡುಗೆಮನೆಯಲ್ಲಿ ಮಿಕ್ಸಿ ಇದೆ, ಕುಕ್ಕರ್ ಇದೆ, ತವಾ ಇದೆ. ಕುಕ್ಕರಿನಲ್ಲಿ ದೋಸೆ ಹುಯ್ಯಲಿಲ್ಲ ಅಂತ ಯಾರೂ ಬೈಯೋದಿಲ್ಲ. ಆ್ಯಪ್‌ಗಳೂ ಹಾಗೇ. ಸ್ಥೂಲವಾಗಿ ಐದು ಬಗೆ.

1. ಆಟದ ಥರದವು. ಡ್ಯುವೊಲಿಂಗೊ ಈ ಬಗೆಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಜಾಹೀರಾತಿನ ಜತೆ ಉಚಿತವಾಗಿಯೇ ಸಿಗುತ್ತದೆ. ಹೊಸ ಭಾಷೆಯ ಹೆದರಿಕೆ ಬಿಡಿಸೋದಕ್ಕೆ, ದಿನಾ ಕೂರುವ ಅಭ್ಯಾಸ ಬೆಳೆಸೋದಕ್ಕೆ ಈ ಬಗೆ ಒಳ್ಳೆಯದು. ಶುರುವಿನ ಎರಡು-ಮೂರು ತಿಂಗಳಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ.

2. ಪಾಠದ ಕ್ರಮ ಇರುವವು. ವ್ಯಾಕರಣ ವಿವರಿಸಿ, ಸಂಭಾಷಣೆ ಕೊಟ್ಟು, ಮಟ್ಟದ ಪ್ರಕಾರ ಮುಂದೆ ಕರೆದೊಯ್ಯುವವು. ಬರ್ಲಿನ್‌ನ ಬ್ಯಾಬೆಲ್ ಈ ಬಗೆಯದು, ಚಂದಾ ಕಟ್ಟಬೇಕು. ಆದರೆ ಜರ್ಮನ್ ಕಲಿಯುವವರಿಗೆ ಒಂದು ಭಾಗ್ಯ ಇದೆ. ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಡಾಯ್ಚ ವೆಲೆಯ 'ನಿಕೋಸ್ ವೇಗ್' ಅನ್ನುವ ವಿಡಿಯೊ ಕಥೆಯ ಕೋರ್ಸ್ ಎ1ರಿಂದ ಬಿ1ವರೆಗೆ ಪೂರ್ತಿ ಉಚಿತ. ನಿಕೋ ಅನ್ನುವ ಹುಡುಗ ಜರ್ಮನಿಗೆ ಬಂದಿಳಿದು ಬ್ಯಾಗ್ ಕಳಕೊಳ್ಳುವಲ್ಲಿಂದ ಕಥೆ ಶುರು. ಧಾರಾವಾಹಿ ನೋಡಿದ ಹಾಗೆ ನೋಡಿಸಿಕೊಂಡು ಹೋಗುತ್ತದೆ. ಅಲ್ಲಿನ ವಯಸ್ಕರ ಶಿಕ್ಷಣ ಸಂಘದ 'ಫಾವ್ ಹಾ ಎಸ್ ಲರ್ನ್‌ಪೋರ್ಟಾಲ್' ಕೂಡ ಉಚಿತ, ಬಿ2ವರೆಗೂ ಇದೆ.

3. ಪದ ನೆನಪಿಡಿಸುವವು. ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ನಾವು ಕಲಿತದ್ದನ್ನು ಎಷ್ಟು ಬೇಗ ಮರೆಯುತ್ತೇವೆ ಅಂತ ತನ್ನ ಮೇಲೇ ಪ್ರಯೋಗ ಮಾಡಿ ಬರೆದ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳಿದರೆ ಪದ ಗಟ್ಟಿಯಾಗುತ್ತದೆ. ಆಂಕಿ ಅನ್ನುವ ಆ್ಯಪ್ ಮಾಡೋದು ಇದನ್ನೇ. ಕಂಪ್ಯೂಟರಿನಲ್ಲಿ, ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ನಲ್ಲಿ ಮಾತ್ರ ಒಂದು ಸಲ ದುಡ್ಡು. ನೋಡೋಕೆ ಸಪ್ಪೆ, ಆದರೆ ಗಟ್ಟಿ ಆಳು.

4. ಕೇಳಿ ಮಾತಾಡಿಸುವವು. ಪಿಮ್ಸ್ಲರ್‌ನ ಪಾಠಗಳು ಸುಮಾರು ಅರ್ಧ ಗಂಟೆಯ ಆಡಿಯೊ. ಅವು ಕೇಳುತ್ತವೆ, ನೀವು ಬಾಯಿ ಬಿಟ್ಟು ಉತ್ತರ ಹೇಳಬೇಕು. ಚಂದಾ ಉಂಟು. 'ಲ್ಯಾಂಗ್ವೇಜ್ ಟ್ರಾನ್ಸ್‌ಫರ್' ಅನ್ನುವ ಆಡಿಯೊ ಕೋರ್ಸ್ ಪೂರ್ತಿ ಉಚಿತ, ಇಂಗ್ಲಿಷ್‌ನಲ್ಲಿ ವಿವರಣೆ ಇದೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಹೋಗುವಾಗ ಇವೇ ಸರಿ.

5. ಮನುಷ್ಯರನ್ನು ಜೋಡಿಸುವವು. ಐಟಾಕಿಯಲ್ಲಿ ಶಿಕ್ಷಕರು ತಮ್ಮ ದರ ತಾವೇ ಹಾಕಿಕೊಂಡಿರುತ್ತಾರೆ, ಪಾಠಕ್ಕೆ ಇಷ್ಟು ಅಂತ ಕೊಟ್ಟರಾಯಿತು. ಟ್ಯಾಂಡೆಮ್, ಹೆಲೊಟಾಕ್ ಥರದವುಗಳಲ್ಲಿ ನೀವು ಅವರಿಗೆ ಒಂದು ಭಾಷೆ ಹೇಳಿಕೊಟ್ಟು ಅವರಿಂದ ಇನ್ನೊಂದು ಕಲಿಯಬಹುದು. ಹೆಣ್ಣುಮಕ್ಕಳು ಅಲ್ಲಿ ಫೋಟೊ, ಫೋನ್ ನಂಬರ್ ಕೊಡುವ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು.

ಈಗೀಗ ಚಾಟ್‌ಜಿಪಿಟಿ ಥರದ ಎಐ ಜತೆಗೂ ಮಾತಾಡಿ ಅಭ್ಯಾಸ ಮಾಡಬಹುದು. "ನೀನು ರೋಗಿ, ನಾನು ನರ್ಸ್, ಬಿ1 ಮಟ್ಟದ ಜರ್ಮನ್‌ನಲ್ಲಿ ಮಾತಾಡು" ಅಂದರೆ ಸಾಕು, ಶುರು ಮಾಡುತ್ತದೆ. ನಾಚಿಕೆ ಬಿಡಿಸೋಕೆ ಚೆನ್ನಾಗಿದೆ. ಆದರೆ ಅದು ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ, ಹಾಗಾಗಿ ಅದೊಂದನ್ನೇ ನಂಬಬೇಡಿ.

ಕನ್ನಡವೇ ನಮ್ಮ ಬಂಡವಾಳ

ಹೆಚ್ಚಿನ ಆ್ಯಪ್‌ಗಳು ಜರ್ಮನ್ ಕಲಿಸೋದು ಇಂಗ್ಲಿಷ್ ಮೂಲಕ. ಅದರಿಂದ ನಮಗೆ ಸುಲಭವಾದದ್ದೂ ಕಷ್ಟ ಅನ್ನಿಸುತ್ತದೆ. ತಂಗಿಗೆ 'ಅಕ್ಕುಜಾಟಿವ್', 'ಡಾಟಿವ್' ಅನ್ನುವ ಹೆಸರು ಕೇಳಿದರೇ ತಲೆನೋವು. ಅವಳ ಆನ್‌ಲೈನ್ ಟೀಚರ್ ಕನ್ನಡದವರು. ಒಂದೇ ಮಾತಿನಲ್ಲಿ ಬಿಡಿಸಿಬಿಟ್ಟರು: "ಎಂಟನೇ ಕ್ಲಾಸಿನಲ್ಲಿ ವಿಭಕ್ತಿ ಪ್ರತ್ಯಯ ಓದಿದ್ದೀರಲ್ಲಮ್ಮ? ಅಕ್ಕುಜಾಟಿವ್ ಅಂದ್ರೆ ನಮ್ಮ 'ಅನ್ನು', ಡಾಟಿವ್ ಅಂದ್ರೆ ನಮ್ಮ 'ಗೆ'." ನಾಯಿ, ನಾಯಿಯನ್ನು, ನಾಯಿಗೆ. ನಾವು ಪದದ ಬಾಲ ಬದಲಿಸುತ್ತೇವೆ, ಅವರು ಹೆಚ್ಚಾಗಿ ಪದದ ಮುಂದಿನ 'ದೇರ್' ಅನ್ನೋದನ್ನ 'ದೇನ್', 'ದೇಮ್' ಅಂತ ಬದಲಿಸುತ್ತಾರೆ.

ಹಾಗೇ ನೀನು-ನೀವು. ಇಂಗ್ಲಿಷ್‌ನವರಿಗೆ ಅದೊಂದು ಹೊಸ ಪಾಠ, ನಮಗೆ ಹುಟ್ಟಿದಾಗಿನಿಂದ ಗೊತ್ತು. ರೋಗಿಗೆ 'ಜೀ' ಅಂದರೆ ನೀವು, ಗೆಳತಿಗೆ 'ಡು' ಅಂದರೆ ನೀನು. "ಅವನು ನಾಳೆ ಬರ್ತಾನೆ ಅಂತ" ಅನ್ನುವಂಥ ಒಳವಾಕ್ಯದಲ್ಲಿ ಜರ್ಮನ್‌ನಲ್ಲೂ ಕ್ರಿಯಾಪದ ಕೊನೆಗೇ ಹೋಗುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟೆ: ಎಂಥ ಆ್ಯಪ್ ತಗೊಂಡರೂ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ, ವ್ಯಾಕರಣವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಯಾವ ಪ್ರೀಮಿಯಂ ಪ್ಲಾನ್‌ನಲ್ಲೂ ಇದು ಸಿಗೋದಿಲ್ಲ.

ನಿಮ್ಮ ಜೇಬಿಗೆ ತಕ್ಕ ಹಾಗೆ

ತಿಂಗಳಿಗೆ ಸೊನ್ನೆ ರೂಪಾಯಿ: ಒಂದು ಉಚಿತ ಕ್ರಮಬದ್ಧ ಕೋರ್ಸ್, ಪದಗಳಿಗೆ ಆಂಕಿ, ಗೊಯೆಥೆ ಸಂಸ್ಥೆಯ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುವ ಮಾದರಿ ಪ್ರಶ್ನೆಪತ್ರಿಕೆ. ಜತೆಗೆ ದಿನಾ ಎರಡು ನಿಮಿಷ ನಿಮ್ಮ ದನಿಯನ್ನೇ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎ1, ಎ2ವರೆಗೆ ಶಿಸ್ತು ಇದ್ದವರಿಗೆ ಇದು ಧಾರಾಳ ಸಾಕು. ನರ್ಸ್‌ಗಳಿಗಂತಲೇ 'ಐನ್ ಟಾಗ್ ಡಾಯ್ಚ್ ಇನ್ ದೇರ್ ಫ್ಲೇಗೆ' ಅನ್ನುವ ಉಚಿತ ಆ್ಯಪ್ ಇದೆ. ಆಸ್ಪತ್ರೆಯ ಒಂದು ದಿನದ ಸನ್ನಿವೇಶಗಳ ಮೂಲಕ ಮಾತು ಕಲಿಸುತ್ತದೆ.

ತಿಂಗಳಿಗೆ 500 ರೂಪಾಯಿ: ಮೇಲಿನದೆಲ್ಲ ಇರಲಿ. ನಿಮ್ಮ ಚೀಟಿಯಲ್ಲಿ ಯಾವ ಭಾಗ ದುರ್ಬಲವೋ ಅದಕ್ಕೆ ಮಾತ್ರ ಒಂದು ಆ್ಯಪ್‌ಗೆ ದುಡ್ಡು ಕೊಡಿ. ಎರಡು ಬೇಡ. ಮೊದಲು ತಿಂಗಳ ಚಂದಾ ಕಟ್ಟಿ. "ವರ್ಷಕ್ಕೆ ತಗೊಂಡ್ರೆ ಅರ್ಧ ಬೆಲೆ" ಅಂದರೂ ಸರಿ, ಎರಡು ತಿಂಗಳು ದಿನಾ ತೆರೆದಿದ್ದೀರಿ ಅಂತ ಗೊತ್ತಾದ ಮೇಲೆ ವರ್ಷದ್ದು ಯೋಚಿಸಿ.

ತಿಂಗಳಿಗೆ 2,000 ಅಥವಾ ಹೆಚ್ಚು: ಇನ್ನೂ ದೊಡ್ಡ ಆ್ಯಪ್ ಹುಡುಕಬೇಡಿ. ಆ ದುಡ್ಡನ್ನು ಮನುಷ್ಯರಿಗೆ ಕೊಡಿ. ವಾರಕ್ಕೆ ಒಂದು ಗಂಟೆ ಎದುರಿಗೆ ಕೂತು ನಿಮ್ಮ ತಪ್ಪು ತಿದ್ದುವ ಒಬ್ಬರು ಟೀಚರ್ ಇದ್ದರೆ ಉಳಿದ ಉಚಿತ ಆ್ಯಪ್‌ಗಳೆಲ್ಲ ಎರಡರಷ್ಟು ಕೆಲಸ ಮಾಡುತ್ತವೆ. ಯಾಕಂದ್ರೆ ವಾರಕ್ಕೊಮ್ಮೆ ಉತ್ತರ ಹೇಳಬೇಕಲ್ಲ!

ಯಾವ ಆ್ಯಪ್ ಆದರೂ ಉಚಿತ ಪ್ರಯೋಗದ ವಾರದಲ್ಲಿ ಈ ಐದು ಪ್ರಶ್ನೆ ಕೇಳಿ ನೋಡಿ: ಇದು ನನ್ನ ಬಾಯಿ ತೆರೆಸುತ್ತದಾ? ಕೊಟ್ಟ ಪದ ಜೋಡಿಸದೆ ಸ್ವಂತ ವಾಕ್ಯ ಬರೆಸುತ್ತದಾ? ತಪ್ಪಾದಾಗ ಯಾಕೆ ತಪ್ಪು ಅಂತ ಹೇಳುತ್ತದಾ? ಯಾವ ಪಾಠ ಯಾವ ಮಟ್ಟದ್ದು ಅಂತ ತೋರಿಸುತ್ತದಾ? ನೆಟ್‌ವರ್ಕ್ ಇಲ್ಲದಾಗ ನಡೆಯುತ್ತದಾ? ಕೊನೆಯದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಹಾಸನ-ಮಂಗಳೂರು ಬಸ್ಸಿನಲ್ಲಿ ಓದುವವಳಿಗೆ ಶಿರಾಡಿ ಘಾಟಿ ಬಂದ ಕೂಡಲೇ ಪಾಠ ನಿಂತುಹೋದರೆ ಏನು ಮಾಡೋದು?

ಆ್ಯಪ್ ಅಳಿಸಿದರೆ ಚಂದಾ ನಿಲ್ಲೋದಿಲ್ಲ

ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಜಪಾನಿ ಆ್ಯಪನ್ನು ಫೋನ್‌ನಿಂದ ತೆಗೆದುಹಾಕಿ ಮರೆತೇಬಿಟ್ಟಿದ್ದೆ. ಮರು ವರ್ಷ ಜನವರಿಯಲ್ಲಿ ಖಾತೆಯಿಂದ ಇನ್ನೊಮ್ಮೆ 2,999 ಹೋಯಿತು. ಒಂದು ದಿನ ಮುಂಚೆ ಬ್ಯಾಂಕ್ ಮೆಸೇಜ್ ಬಂದಿತ್ತು, ನಾನೇ ನೋಡಿರಲಿಲ್ಲ. ಎಂಜಿನಿಯರ್ ಅಂತ ಹೇಳಿಕೊಳ್ಳೋಕೆ ನಾಚಿಕೆ ಆಯಿತು.

ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ತಿ ಜಾರಿಗೆ ಬಂದಿದೆ. ಅದರ ಪ್ರಕಾರ ಹೀಗೆ ತಾನಾಗಿಯೇ ಹಣ ಕಡಿತವಾಗುವ 24 ಗಂಟೆ ಮುಂಚೆ ನಿಮಗೆ ಸೂಚನೆ ಬರಬೇಕು. ಆದರೆ ಮೊದಲ ಸಲ ಒಪ್ಪಿಗೆ ಕೊಟ್ಟ ಮೇಲೆ, 15,000 ರೂಪಾಯಿವರೆಗಿನ ಮೊತ್ತಕ್ಕೆ ಪ್ರತಿ ಸಲ ಒಟಿಪಿ ಬೇಕಿಲ್ಲ. ಭಾಷೆಯ ಆ್ಯಪ್‌ಗಳ ಚಂದಾ ಸಾಮಾನ್ಯವಾಗಿ ಈ ಮಿತಿಯ ಒಳಗೇ ಇರುತ್ತದೆ. ಅಂದರೆ ಆ ಒಂದು ಮೆಸೇಜ್ ನೋಡದಿದ್ದರೆ ದುಡ್ಡು ಹೋದ ಹಾಗೆ.

ಆಂಡ್ರಾಯ್ಡ್ ಫೋನ್‌ನಲ್ಲಿ ಪ್ಲೇ ಸ್ಟೋರ್ ತೆರೆದು ನಿಮ್ಮ ಫೋಟೊ ಒತ್ತಿ, 'ಪೇಮೆಂಟ್ಸ್ ಆಂಡ್ ಸಬ್‌ಸ್ಕ್ರಿಪ್ಷನ್ಸ್' ಒಳಗೆ ಹೋಗಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ನಿಮ್ಮ ಹೆಸರು, ಆಮೇಲೆ 'ಸಬ್‌ಸ್ಕ್ರಿಪ್ಷನ್ಸ್'. ಯುಪಿಐ ಮೂಲಕ ಕಟ್ಟಿದ್ದರೆ ಆ ಯುಪಿಐ ಆ್ಯಪ್‌ನ 'ಆಟೊಪೇ' ಪಟ್ಟಿಯನ್ನೂ ನೋಡಿ. ಉಚಿತ ಪ್ರಯೋಗ ಶುರು ಮಾಡಿದ ಅದೇ ನಿಮಿಷ ಕ್ಯಾಲೆಂಡರ್‌ನಲ್ಲಿ ಎರಡು ದಿನ ಮುಂಚಿನ ಅಲಾರಂ ಇಡಿ. ಅಪ್ಪ-ಅಮ್ಮನ ಫೋನ್‌ನಲ್ಲೂ ಒಮ್ಮೆ ಈ ಪಟ್ಟಿ ತೆಗೆದು ನೋಡಿ. ಏನೇನು ಸಿಗುತ್ತೋ ಹೇಳೋಕಾಗಲ್ಲ.

ಇನ್ನೊಂದು ಒಳಗಿನ ಮಾತು. "ಈ ರಿಯಾಯಿತಿ ಇನ್ನು 2 ಗಂಟೆ ಮಾತ್ರ" ಅಂತ ಗಡಿಯಾರ ಓಡುತ್ತಿರುತ್ತದಲ್ಲ, ಅದಕ್ಕೆ ಗಾಬರಿ ಬೀಳಬೇಡಿ. ನಮ್ಮನ್ನು ಯೋಚಿಸದ ಹಾಗೆ ಮಾಡೋದೇ ಅದರ ಕೆಲಸ. ರಿಯಾಯಿತಿಗಳು ಮತ್ತೆ ಬರುತ್ತವೆ. ಸ್ಟ್ರೀಕ್ ಕೂಡ ಹಾಗೇ. ದಿನಾ ಆ್ಯಪ್ ತೆರೆಸೋಕೆ ಅದು ಒಳ್ಳೆಯ ಉಪಾಯ. ಆದರೆ ಅದು ಎಣಿಸೋದು ನೀವು ಬಂದ ದಿನವನ್ನ, ಕಲಿತದ್ದನ್ನಲ್ಲ.

ತಂಗಿ ಏನಾದಳು?

ಅವಳು ಹೊಸ ಪಟ್ಟಿ ಮಾಡಿಕೊಂಡಳು. ಬೆಳಿಗ್ಗೆ 20 ನಿಮಿಷ ಆಂಕಿ, ಹಾಸ್ಟೆಲ್‌ನಿಂದ ಆಸ್ಪತ್ರೆಗೆ ನಡೆಯುವಾಗ ಆಡಿಯೊ, ಡ್ಯೂಟಿ ಮುಗಿದ ಮೇಲೆ ಅರ್ಧ ಗಂಟೆ ಉಚಿತ ಕೋರ್ಸ್. ಭಾನುವಾರ ಆ ಕನ್ನಡದ ಟೀಚರ್ ಜತೆ ಒಂದು ಗಂಟೆ, ಗಂಟೆಗೆ 500 ರೂಪಾಯಿ. ಹಳೆಯ ಆ್ಯಪ್‌ನ ಚಂದಾ ಮುಂದುವರಿಸಲಿಲ್ಲ. ಸ್ಟ್ರೀಕ್ ಮುರಿಯಿತು. "ಒಂಥರಾ ಬೇಜಾರಾಯ್ತಣ್ಣ, ಸಾಕಿದ ಬೆಕ್ಕು ಹೋದ ಹಾಗೆ" ಅಂದಳು.

ಫೆಬ್ರುವರಿಯಲ್ಲಿ ಬಿ1 ಬರೆದಳು. ಓದು, ಕೇಳು, ಬರೆ ಮೂರೂ ಪಾಸು. ಮಾತಿನಲ್ಲಿ 52. ಎಂಟು ಅಂಕಕ್ಕೆ ಹೋಯಿತು. ಆ ಭಾಗ ಒಂದನ್ನೇ ಮತ್ತೆ ಕಟ್ಟಿದಳು. ಎರಡು ತಿಂಗಳು ಬೇರೆ ಎಲ್ಲ ಬಿಟ್ಟು ಬರೀ ಮಾತು. ವಾರಕ್ಕೆ ಎರಡು ಸಲ ಟೀಚರ್, ಉಳಿದ ದಿನ ಜತೆಯ ಇನ್ನೊಬ್ಬ ನರ್ಸ್ ಜತೆ ಹಾಸ್ಟೆಲ್ ತಾರಸಿಯ ಮೇಲೆ. ಈ ಸಲ 71.

ಈಗ ಬಿ2 ಬಾಕಿ ಇದೆ. ಅದು ಇನ್ನೂ ಎತ್ತರದ ಘಾಟಿ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಮೊನ್ನೆ ಮನೆಗೆ ಬಂದಾಗ ಹೊಸ ಆ್ಯಪ್ ಒಂದರ ಜಾಹೀರಾತು ತೋರಿಸಿ "ಇದು ಹೇಗಿದೆ, ತಗೊಳ್ಲಾ?" ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಅಡುಗೆಮನೆಯಿಂದಲೇ ಕೂಗಿದರು:

"ಚೀಟಿ ಎಲ್ಲೇ? ಮೊದ್ಲು ಚೀಟಿ ಬರಿ."